ಸಾಲು ಬಿಟ್ಟು ಸಾಲು

ಅಡುಗೆಮನೆಯ ಗೋಡೆಯ ಮೇಲೆ ಒಂದು ಬಿದಿರ ಕುಕ್ಕೆ. ಅದರ ಬಾಯಿ ಗೋಡೆಯ ಕಡೆಗೆ, ಬೆನ್ನು ಮನೆಯ ಕಡೆಗೆ. ಅಂಚಿಗೆ ಸುತ್ತಿದ ಬೆತ್ತದ ಸೀಳು ಒಂದು ಕಡೆ ಬಿಚ್ಚಿಹೋಗಿ, ಆ ಜಾಗದಲ್ಲಿ ಹಳೆಯ ಸೀರೆಯ ನೀಲಿ ಸೆರಗನ್ನು ಹರಿದು ಬಿಗಿಯಾಗಿ ಕಟ್ಟಿದೆ. ಆ ನೀಲಿ ಈಗ ಹೊಗೆ ಕುಡಿದು ಬೂದಿಗೆ ಹತ್ತಿರವಾಗಿದೆ. ಮಾಡಿನ ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬೆಳಕು ಮುಂಜಾನೆ ತೊಲೆಯ ಮೇಲಿದ್ದದ್ದು, ಗೋಡೆಯಗುಂಟ ಮೆಲ್ಲಗೆ ಜಾರಿ, ಇಷ್ಟು ಹೊತ್ತಿಗೆ ಕುಕ್ಕೆಯ ಬೆನ್ನಿನ ಮೇಲೆ ಬಂದು ಕೂರುತ್ತದೆ. ಕೂತಾಗ ಬಿದಿರಿನ ಒಂದೊಂದು ಸೀಳಿಗೂ ಅದರದೇ ನೆರಳು ಹುಟ್ಟುತ್ತದೆ. ಬೆಳಕಿನ ಕೋಲಿನೊಳಗೆ ಧೂಳಿನ ಕಣಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಜೇಡವೊಂದು ಕುಕ್ಕೆಯ ಅಂಚಿನಿಂದ ಗೋಡೆಗೆ ಎಳೆದ ನೂಲು ಆ ಬೆಳಕಿನಲ್ಲಿ ಮಾತ್ರ ಇದೆ. ಬೆಳಕು ಸರಿದರೆ ಅದೂ ಇಲ್ಲ.

ವೀರಭದ್ರಸ್ವಾಮಿ ಮಣೆಯ ಮೇಲೆ ಕೂತು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ. ಒಲೆಯ ಮುಂದೆ ಪ್ರೇಮಮ್ಮ ಬೆನ್ನು ಹಾಕಿ ಕೂತು ಸೌದೆ ಮುಂದಕ್ಕೆ ತಳ್ಳುತ್ತಿದ್ದಳು. ಮನೆಯಲ್ಲಿ ಗ್ಯಾಸಿನ ಒಲೆ ಬಂದು ಎಷ್ಟೋ ಕಾಲವಾದರೂ ಮುದ್ದೆಗೆ ಸೌದೆಯ ಒಲೆಯೇ ಆಗಬೇಕು ಅವಳಿಗೆ. ಕುಕ್ಕೆಯ ಕಡೆಗೆ ಅವಳು ನೋಡುವುದಿಲ್ಲ. ಹಬ್ಬಕ್ಕೆ ಮನೆಯೆಲ್ಲ ಗುಡಿಸಿ ಸಾರಿಸಿ ಸುಣ್ಣ ಬಳಿದರೂ ಆ ಮೊಳೆಯ ಸುತ್ತ ಅವಳ ಪೊರಕೆಯಾಗಲಿ ಕುಂಚವಾಗಲಿ ಹಾಯುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ. ಗಮನಿಸಿದ್ದೇನೆ ಎಂದು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಡೇರಿಯ ಮುಂದೆ, ಹಾಲಿನ ಕ್ಯಾನು ಹಿಡಿದು ನಿಂತಿದ್ದ ಪಕ್ಕದ ಹೊಲದ ಕಂಠಪ್ಪ, ‘ಸ್ವಾಮಣ್ಣ, ನಿಮ್ ತೋಪಿನೊಳಗೆ ಏನೋ ಅಸ್ರು ಕಾಣ್ತದಲ್ಲ. ಬದಿಂದ ನೋಡ್ದೆ. ಕಾಂಗ್ರೆಸ್ ಗಿಡವೇ ಇರ್ಬೇಕು ಕಣ್ರೀ, ಇನ್ನೇನ್ ಬಂದಾತು ಅಲ್ಲಿ’ ಎಂದಿದ್ದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕಂಠಪ್ಪನ ಮಾತುಗಳಲ್ಲಿ ಯಾವತ್ತೂ ಕೆಟ್ಟ ಮನಸ್ಸಿರುವುದಿಲ್ಲ. ಅದಕ್ಕೇ ಅವು ಬೇಗ ಆರುವುದಿಲ್ಲ.

‘ಕಾಫಿ ಆರೋಯ್ತದೆ’ ಎಂದಳು ಪ್ರೇಮಮ್ಮ, ತಿರುಗದೆ. ‘ಕುಡುದ್ ಬುಟ್ಟು ಏಳಿ. ನೆಲ ಸಾರಿಸ್ಬೇಕು.’

ಅವನು ಕುಡಿದ. ಹಸಿರು ಎಂಬ ಮಾತು ಕಾಫಿಯ ಜೊತೆ ಒಳಗಿಳಿದು ಎಲ್ಲೋ ನಡುವೆ ನಿಂತುಕೊಂಡಿತು. ತೋಪು ಎಂದಿದ್ದ ಕಂಠಪ್ಪ. ತೋಪು ಎಂದೇ ಊರೆಲ್ಲ ಅನ್ನುತ್ತಿತ್ತು, ಅವನೂ ಅನ್ನುತ್ತಿದ್ದ, ಮಗ ಮಲ್ಲೇಶನೂ. ಅದಕ್ಕೆ ಮುಂಚೆ ಅದಕ್ಕೊಂದು ಹೆಸರಿತ್ತು. ಪ್ರೇಮಮ್ಮನ ಅಪ್ಪ, ಆಚೆ ಊರಿನವರು, ಮದುವೆಯಲ್ಲಿ ಮಗಳ ಅರಿಶಿನ ಕುಂಕುಮಕ್ಕೆಂದು ತಮ್ಮ ಹೊಲದ ಅಂಚಿನಲ್ಲಿ ಒಂದು ಪಟ್ಟಿ ನೆಲವನ್ನು ಬಿಟ್ಟುಕೊಟ್ಟಿದ್ದರು. ಬೆಟ್ಟದಪುರದ ಬೆಟ್ಟದ ನೆರಳು ಸಂಜೆಯ ಹೊತ್ತು ಮುಟ್ಟಿ ಹೋಗುವ ನೆಲ. ಕೆಂಪು, ಒಣ, ಹೆಚ್ಚೇನೂ ಬೆಳೆಯದ್ದು. ಪ್ರೇಮಕ್ಕನ ಹೊಲ ಎಂದೇ ಕರೆಯುತ್ತಿದ್ದರು ಅದನ್ನು. ಅಲ್ಲಿ ಅವಳು ರಾಗಿ ಚೆಲ್ಲಿಸುತ್ತಿದ್ದಳು, ರಾಗಿಯ ಸಾಲಲ್ಲಿ ಅವರೆ, ಹುಚ್ಚೆಳ್ಳು. ಆದರೆ ಅವಳು ಆ ಹೊಲಕ್ಕೆ ಹೋಗುತ್ತಿದ್ದದ್ದು ಅವುಗಳಿಗಾಗಿ ಅಲ್ಲ. ಯಾರೂ ಬಿತ್ತದೆ ಬರುತ್ತಿದ್ದ ಸೊಪ್ಪುಗಳಿಗಾಗಿ. ಮಳೆ ಬಿದ್ದ ಮೇಲೆ ಕುಕ್ಕೆ ಸೊಂಟಕ್ಕಿಟ್ಟುಕೊಂಡು ಹೊರಟರೆ ಬರುವಾಗ ಅದರೊಳಗೆ ಅಣ್ಣೆ, ಕನ್ನೆ, ಗಣಿಕೆ, ಕಿರಕೀಲೆ, ತುಂಬೆಯ ಕುಡಿ, ಹೆಸರು ಅವಳಿಗೆ ಮಾತ್ರ ಗೊತ್ತಿದ್ದ ಇನ್ನೇನೇನೋ. ಬೆರಕೆ ಸೊಪ್ಪಿನ ಸಾರು. ಅದರ ರುಚಿಯನ್ನು ಒಂದೇ ಮಾತಿನಲ್ಲಿ ಹೇಳಲಾಗುತ್ತಿರಲಿಲ್ಲ. ಮೊದಲ ತುತ್ತಿಗೆ ಒಗರು, ಹೊಸ ನಂಟರ ಮನೆಯಲ್ಲಿ ಕೂತ ಹಾಗೆ, ಆಮೇಲೆ ಎಲ್ಲಿಂದಲೋ ಒಂದು ಸಿಹಿ, ಕೊನೆಯಲ್ಲಿ ನಾಲಗೆಯ ಹಿಂದೆ ಸಣ್ಣಗೆ ಕಹಿ.

ಅವಳು ಕೆ.ಆರ್. ನಗರದ ತಂಗಿಯ ಮನೆಗೆ ಮದುವೆಗೆ ಹೋಗಿದ್ದಾಗ ಅವನು ಆ ಹೊಲದ ತುಂಬ ಸರ್ವೆ ಮರದ ಸಸಿ ನೆಟ್ಟಿದ್ದ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಬೇಕಿತ್ತು; ಸೌದೆ ಊರಿಗೆಲ್ಲ ಬೇಕಿತ್ತು; ಸಸಿ ಪುಕ್ಕಟೆ ಸಿಕ್ಕಿತ್ತು. ಎಲ್ಲವೂ ಕಾರಣಗಳೇ. ಹದವಾಗಿ ಮಳೆ ಬಂದ ಮರುದಿನ ಬ್ಯಾರನ್ನಿನ ಅಟ್ಟದಿಂದ ಗಂಟು ಹಾಕಿದ ಹಗ್ಗ ತೆಗೆದು, ಎಳೆದು, ಗಂಟಿಗೊಂದರಂತೆ ಊರುತ್ತ ಹೋದ. ಅದು ಹೊಗೆಸೊಪ್ಪಿನ ಸಸಿ ನೆಡುವ ಹಗ್ಗ. ಅವನ ಕೈಗೆ ಗೊತ್ತಿದ್ದ ಅಳತೆ ಅದೊಂದೇ. ಮರಕ್ಕೆ ಬೇರೆ ಅಳತೆ ಇದೆಯೆಂದು ತಲೆಗೆ ಹೊಳೆಯಲೂ ಇಲ್ಲ. ನೆಡುವುದೆಂದರೆ ಆ ಗಂಟು, ಆ ದೂರ, ಅಷ್ಟೇ. ಹಿಂತಿರುಗಿದ ಪ್ರೇಮಮ್ಮ ಚೀಲವನ್ನೂ ಇಳಿಸದೆ ಹೊಲದ ಅಂಚಿನಲ್ಲಿ ನಿಂತು ನೋಡಿದಳು. ಕೇಳಿದ್ದು ಒಂದೇ: ‘ಯಾವ್ ಹಗ್ಗದಲ್ ನೆಟ್ರಿ?’ ಹೊಗೆಸೊಪ್ಪಿಂದು ಎಂದ. ‘ಹೊಗೆಸೊಪ್ಪು ನಾಕ್ ತಿಂಗ್ಳಿಗೆ ಮನೆಗ್ ಬತ್ತದೆ’ ಎಂದಳು. ಅಷ್ಟೇ. ಮರ ಬರುವುದಿಲ್ಲ ಎಂದು ಅವಳು ಹೇಳಲಿಲ್ಲ. ನನ್ನನ್ನು ಕೇಳಲಿಲ್ಲ ಎಂದೂ ಹೇಳಲಿಲ್ಲ. ಮನೆಗೆ ಬಂದು ಕುಕ್ಕೆಯನ್ನು ಮೊಳೆಗೆ ಹಾಕಿದಳು, ಬಾಯಿ ಗೋಡೆಯ ಕಡೆಗೆ ತಿರುಗಿಸಿ.

ಸರ್ವೆ ಬೆಳೆದವು. ಒಂದರ ಭುಜಕ್ಕೆ ಇನ್ನೊಂದರ ಭುಜ ತಾಗಿಸಿಕೊಂಡು, ಬಸ್ಸಿನಲ್ಲಿ ನಿಂತ ಜನರಂತೆ, ಬೆಳಕಿಗಾಗಿ ಮೇಲಕ್ಕೆ ಮಾತ್ರ ಬೆಳೆದವು. ಸೂಜಿಯಂಥ ಎಲೆಗಳು ಉದುರಿ ಉದುರಿ ನೆಲದ ಮೇಲೆ ಕಂದು ಕಂಬಳಿಯಾದವು. ಅದರ ಮೇಲೆ ನಡೆದರೆ ಹೆಜ್ಜೆಯ ಸದ್ದು ನಡೆದವನಿಗೇ ಕೇಳುತ್ತಿರಲಿಲ್ಲ. ನಡುಹಗಲಲ್ಲೂ ಒಳಗೆ ಸಂಜೆ. ಹುಲ್ಲಿಲ್ಲ, ಇರುವೆಯ ಸಾಲಿಲ್ಲ, ಒಂದು ಚಿಟ್ಟೆಯಿಲ್ಲ. ಗಾಳಿ ಬೀಸಿದಾಗ ಮಾತ್ರ ಮೇಲೆಲ್ಲೋ ದೂರದ ನೀರಿನ ಸದ್ದು. ಬಾಯಾರಿದವನ ಕನಸಿನಲ್ಲಿ ಹರಿಯುವ ನೀರು.

ಎಲ್ಲವನ್ನೂ ಮರೆಯಬಹುದಿತ್ತು, ಹೋದ ವರ್ಷದ ಆಷಾಢದ ಆ ಬೆಳಿಗ್ಗೆಯೊಂದು ಇಲ್ಲದಿದ್ದರೆ. ಅವನು ಬ್ಯಾರನ್ನಿನ ಹಿಂದೆ ಎಲೆ ಕಟ್ಟುವ ಕಡ್ಡಿಗಳನ್ನು ಎಣಿಸುತ್ತಿದ್ದ. ಕಂಠಪ್ಪನ ಬದುವಿನ ಮೇಲೆ ಪ್ರೇಮಮ್ಮ ಬಗ್ಗಿ ಸೊಪ್ಪು ಚಿವುಟುತ್ತಿದ್ದಳು. ಕುಕ್ಕೆಯಿಲ್ಲದೆ, ಸೀರೆಯ ಮಡಿಲಲ್ಲಿ, ಬೇರೆಯವರ ಬದುವಿನಲ್ಲಿ ಕೀಳುವವರು ಕೀಳುವ ಹಾಗೆ. ಕಂಠಪ್ಪ ದೂರದಿಂದ ಓಡುತ್ತ ಬಂದ. ‘ಪ್ರೇಮಕ್ಕ, ಕೀಳ್ಬ್ಯಾಡಿ ಕಣವ್ವ. ನೆನ್ನೆ ತಾನೆ ಬದಕ್ಕೆಲ್ಲ ಔಸ್ದಿ ಒಡ್ಸಿವ್ನಿ. ಆ ಕಡೆದೂ ಬ್ಯಾಡಿ, ಅದೂ ಒಡ್ದದೆ.’ ಆಮೇಲೆ, ಉಸಿರು ತೆಗೆದುಕೊಂಡು, ನಗುತ್ತ: ‘ನಿಮ್ದೇ ವೊಲ ಇತ್ತಲ್ಲಾ, ಅರಿಸ್ನ ಕುಂಕುಮದ್ದು. ಏನಾಯ್ತು ಅದ್ಕೆ?’ ಪ್ರೇಮಮ್ಮ ನೆಟ್ಟಗೆ ನಿಂತಳು. ಮಡಿಲನ್ನು ಬಿಚ್ಚಿ ಅಷ್ಟನ್ನೂ ಅಲ್ಲೇ ಸುರಿದಳು. ಸೀರೆ ಕೊಡವಿಕೊಂಡಳು. ‘ಹೇಳಿದ್ದು ಒಳ್ಳೇದಾಯ್ತು ಬುಡು ಕಂಠಪ್ಪ’ ಎಂದು ನಡೆದಳು. ನಡೆಯುವಾಗ ಸರ್ವೆ ತೋಪನ್ನು ಸುತ್ತುಹಾಕಿಕೊಂಡು, ದೂರದ ದಾರಿಯಲ್ಲಿ ಹೋದಳು. ಬ್ಯಾರನ್ನಿನ ಗೋಡೆಗೆ ಬೆನ್ನು ಒತ್ತಿ ನಿಂತಿದ್ದ ಅವನು ಹೊರಗೆ ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದ? ಆ ಸಂಜೆ ಪಿರಿಯಾಪಟ್ಟಣದಿಂದ ಬಾಳೆನಾರಿನಲ್ಲಿ ಕಟ್ಟಿದ ಪಾಲಕ್ಕಿನ ಕಟ್ಟು ತಂದ. ಅವಳು ಅದನ್ನು ಬೇಯಿಸಿದಳು. ಅದಕ್ಕೆ ಒಂದೇ ರುಚಿ ಇತ್ತು, ಮೊದಲಿಂದ ಕೊನೆಯವರೆಗೂ.

ಬೇಸಗೆಯಲ್ಲಿ ಅವನು ಎಚ್.ಡಿ. ಕೋಟೆ ಕಡೆಯಿಂದ ಮರ ಕಡಿಯುವ ಮಾದೇಶನನ್ನು ಕರೆಸಿದ. ಇಡೀ ತೋಪನ್ನು ತೆಗೆಸಿಬಿಡೋಣ ಎನ್ನುತ್ತಿದ್ದ ಮಲ್ಲೇಶ. ‘ವಯನಾಡಿನೋರು ಶುಂಠಿ ಹಾಕಾಕೆ ಗುತ್ತಿಗೆಗೆ ಕೇಳ್ತಾವ್ರೆ ಅಪ್ಪಾಜಿ. ಬುಡದಿಂದ ಕಿತ್ತು, ಮಣ್ಣು ತಿರುವಿ, ಎಲ್ಲಾ ಅವ್ರೇ ಮಾಡ್ಕತಾರೆ.’ ತಿರುವಿದ ಮಣ್ಣಿನ ಮೇಲೆ ವಾರಕ್ಕೊಮ್ಮೆ ಔಷಧಿ ಬೀಳುವುದನ್ನು ಅಕ್ಕಪಕ್ಕದ ಹೊಲಗಳಲ್ಲಿ ವೀರಭದ್ರಸ್ವಾಮಿ ನೋಡಿದ್ದ. ಪ್ರೇಮಮ್ಮನನ್ನು ಕೇಳಿದಾಗ ‘ನಿಮ್ಮಿಷ್ಟ’ ಎಂದಳು. ಈ ಮನೆಯಲ್ಲಿ ಅದಕ್ಕಿಂತ ಗಟ್ಟಿಯಾದ ಬಾಗಿಲು ಬೇರೆ ಇರಲಿಲ್ಲ. ಆ ರಾತ್ರಿಯಲ್ಲ, ಅದರ ಮರುದಿನ, ಇದೇ ಮಣೆಯ ಮೇಲೆ ಕೂತು ಗಾಜಿನ ಹೆಂಚಿನ ಬೆಳಕು ನೋಡುತ್ತಿದ್ದಾಗ ಅವನಿಗೆ ಮದುವೆಯಾದ ಮೊದಲ ವರ್ಷ ನೆನಪಾಯಿತು. ಕತ್ತಲಲ್ಲಿ ಅಕ್ಕಿಯ ಕಲ್ಲು ಕಾಣುವುದಿಲ್ಲ ಎಂದು ಅವಳು ಹೇಳಿದ್ದಳು. ಅವನು ತಾನೇ ಮಾಡು ಹತ್ತಿ, ಒಂದು ಹೆಂಚು ತೆಗೆದು, ಗಾಜಿನದನ್ನು ಕೂಡಿಸಿದ್ದ. ಮನೆಯನ್ನು ಕೆಡವಲಿಲ್ಲ. ಒಂದೇ ಹೆಂಚು. ಕೆಳಗಿನಿಂದ ಅವಳು ‘ಸಾಕು, ಇಳೀರಿ, ಬಿದ್ಗಿದ್ದೀರಿ’ ಎಂದು ನಕ್ಕಿದ್ದಳು.

ಮಲ್ಲೇಶನಿಗೆ, ಈ ಮಳೆಗಾಲ ನೋಡೋಣ, ಗೌರಿಹಬ್ಬದ ಹೊತ್ತಿಗೆ ನೆಲದಲ್ಲಿ ಏನೂ ಹುಟ್ಟದಿದ್ದರೆ ನಿನ್ನ ಶುಂಠಿಯೇ ಆಗಲಿ ಎಂದ. ಕಡಿಯಬೇಕಾದ ಮರಗಳಿಗೆ ಗುರುತಿಗೆಂದು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರವನ್ನು ಸುತ್ತುತ್ತ ಹೋದ. ಒಂದು ಸಾಲು ಸುತ್ತುವುದು, ಒಂದು ಸಾಲು ಬಿಡುವುದು. ಸುತ್ತುವಾಗ ಪ್ರತಿ ಮರಕ್ಕೂ ಒಂದು ಕ್ಷಮೆ ಕೇಳಬೇಕೆನಿಸುತ್ತಿತ್ತು. ಯಾರನ್ನು ಕೇಳಬೇಕೋ ಅವಳನ್ನು ಬಿಟ್ಟು ಎಲ್ಲರನ್ನೂ ಕೇಳಿಯಾಯಿತು ಎಂದುಕೊಂಡ.

ಮಾದೇಶ ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತ. ‘ಸಾಲು ಬುಟ್ಟು ಸಾಲಾ? ಇದೇನ್ ಸಾಮಿ, ಬಾಚಣಿಗೆ ಅಲ್ಲು ಮುರ್ದಂಗೆ? ಯಾರಾರ ಕೇಳಿದ್ರೆ ಮಾದೇಶಂಗೆ ಉಚ್ಚಿಡೀತು ಅಂತಾರೆ.’

‘ಬ್ಯಾರನ್ಗೆ ಅಷ್ಟೇ ಸಾಕು ಕಣಯ್ಯ. ಉಳಿದಿದ್ದು ಬೆಳೀಲಿ.’

‘ನಿಮ್ಮುಡುಗ ಪೂರ್ತಿ ಅಂದಿದ್ರು.’

‘ಹುಡುಗ ಅಂತಾನೆ. ನೀನು ದಾರ ನೋಡ್ಕಂಡು ಕಡಿ.’

‘ಆಯ್ತು ಬುಡಿ. ಮಾಂಗಲ್ಯ ಕಟ್ಟಿರೋದ್ನೆಲ್ಲ ಕಡೀತೀನಿ’ ಎಂದು ಮಾದೇಶ ತನ್ನ ಜನರ ಕಡೆ ನೋಡಿ ನಕ್ಕ. ಅವರೂ ನಕ್ಕರು. ವೀರಭದ್ರಸ್ವಾಮಿಯೂ ನಕ್ಕ. ಕಡಿದ ಗಳಗಳನ್ನು ಅವರು ನೆಲದ ಮೇಲೆ ದರದರನೆ ಎಳೆದು ಗಾಡಿಗೆ ಹಾಕಿದರು. ಪಡುವಣ ಮೂಲೆಗೆ ಬರುವಷ್ಟರಲ್ಲಿ ಮುಂಗಾರಿನ ಮೊದಲ ಮಳೆ ಹಿಡಿದು, ಗಾಡಿ ಹೂತು, ಆ ಮೂಲೆ ಹಾಗೆಯೇ ಉಳಿಯಿತು. ಹೋಗುವ ಮುನ್ನ ಮಾದೇಶ ಕಾಲಿನಿಂದ ಕಂದು ಕಂಬಳಿಯನ್ನು ಕೆದಕಿ, ‘ಇದ್ರಡಿ ಏನ್ ಉಟ್ಟಾತು ಸಾಮಿ, ಸತ್ತೋಗದೆ’ ಎಂದ. ಆ ಮಾತನ್ನು ಮಾತ್ರ ನಗದೆ ಅಂದ.

ಅಂದಿನಿಂದ ಅವನು ಆ ಕಡೆ ಹೋಗಿರಲಿಲ್ಲ. ಹೊಗೆಸೊಪ್ಪಿನ ಕೆಲಸವೆಂದ, ಮೊಣಕಾಲೆಂದ, ಮಳೆಯೆಂದ. ಎರಡು ಸಲ ತೋಪಿನ ದಾರಿಯವರೆಗೆ ಹೋಗಿ ಹಿಂದಿರುಗಿದ್ದ. ನೋಡದಿರುವವರೆಗೆ ಅದು ಸತ್ತಿರಲಿಲ್ಲ.

ಲೋಟವನ್ನು ತೊಳೆಯುವ ಕಲ್ಲಿನ ಮೇಲಿಟ್ಟು ಅವನು ಎದ್ದ. ತೋಪಿನ ಕಡೆಗೆ ಹೊರಟ. ಮೋಡ ಬಿಡುವು ಕೊಟ್ಟಿತ್ತು. ಬೆಟ್ಟದ ತಲೆಯ ಮೇಲೆ ಮಂಜು ಮಾಸಿದ ವಲ್ಲಿಬಟ್ಟೆಯಂತೆ ಕೂತಿತ್ತು. ಬ್ಯಾರನ್ನಿನ ಮುಂದೆ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು, ಮಲ್ಲೇಶ ಒಲೆಗೆ ಸರ್ವೆಯ ತುಂಡುಗಳನ್ನು ತುಂಬುತ್ತಿದ್ದ. ‘ಚೆನ್ನಾಗ್ ಉರೀತದೆ ಅಪ್ಪಾಜಿ, ಪೂರ್ತಿ ಕಡ್ಸಿದ್ರೆ ಬರೋ ವರ್ಷಕ್ಕೂ ಆಗದು’ ಎಂದ. ಅವನು ದಾಟಿ ನಡೆದ. ತೋಪು ಕಂಡಿತು. ಕಂಡದ್ದು ಹಸಿರು, ಒಂದೇ ಹರವಿನ ಹಸಿರು, ಮರಗಳ ಬುಡದಿಂದ ಬುಡಕ್ಕೆ. ಕಂಠಪ್ಪ ಹೇಳಿದ್ದೇ ನಿಜ. ಕಾಂಗ್ರೆಸ್ ಗಿಡ, ಮುಟ್ಟಿದರೆ ಮೈ ಕೆರೆಯುವ, ತಾನು ಬಂದಲ್ಲಿ ಬೇರೆ ಏನನ್ನೂ ಬರಗೊಡದ ಅದು. ಬೆಳಕು ಕೊಟ್ಟದ್ದು ಅದಕ್ಕೆ. ಇನ್ನು ಶುಂಠಿ. ಇನ್ನು ಅವಳ ಅಪ್ಪ ಬಿಟ್ಟುಕೊಟ್ಟ ನೆಲದ ಮೇಲೆ ಔಷಧಿಯ ನೀಲಿ ಡ್ರಮ್ಮುಗಳು, ಪೈಪುಗಳು. ತಿರುಗಿಬಿಡಲೇ ಎಂದುಕೊಂಡ. ಕಾಲು ಮಾತ್ರ, ಮಾತು ಕೇಳದ ಎತ್ತಿನಂತೆ, ಮುಂದಕ್ಕೇ ನಡೆಯಿತು.

ಹತ್ತಿರ ಹೋದಂತೆ ಆ ಒಂದೇ ಹಸಿರು ಒಡೆಯಿತು. ಒಂದು ಹಳದಿಗೆ ಹತ್ತಿರ, ಒಂದು ನೀಲಿಗೆ ಹತ್ತಿರ, ಒಂದರ ಬೆನ್ನಿಗೆ ಬೂದಿ ಬಣ್ಣದ ನುಣುಪು, ಒಂದರ ದಂಟಿಗೆ ಕೆಂಪು. ಅಂಚಿನಲ್ಲಿ ಕಾಂಗ್ರೆಸ್ ಗಿಡ ಇತ್ತು, ನಿಜ, ಬಾಗಿಲಲ್ಲಿ ನಿಂತು ಒಳಗಿನವರನ್ನು ಮರೆಮಾಡುವ ಜಗಳಗಂಟಿಯ ಹಾಗೆ. ಅದನ್ನು ದಾಟಿ ಒಳಗೆ ಕಾಲಿಟ್ಟರೆ, ಕಡಿದ ಸಾಲಿನುದ್ದಕ್ಕೂ ಬೆಳಕು ಪಟ್ಟೆಪಟ್ಟೆಯಾಗಿ ಮಲಗಿತ್ತು. ಆ ಪಟ್ಟೆಯ ಮೇಲೆ, ಗಳಗಳನ್ನು ಎಳೆದಾಗ ಕಂದು ಕಂಬಳಿ ಹರಿದು ಮಣ್ಣು ಬಾಯಿ ತೆರೆದ ಗೀರುಗಳಲ್ಲೆಲ್ಲ, ಗಿಡಗಳು ಒತ್ತೊತ್ತಾಗಿ ಎದ್ದಿದ್ದವು. ಕಂಬಳಿ ದಪ್ಪವಾಗಿ ಉಳಿದಲ್ಲಿ ಅಲ್ಲೊಂದು ಇಲ್ಲೊಂದು. ಕಡಿಯದ ಪಡುವಣ ಮೂಲೆ ಮೊದಲಿನಂತೆಯೇ ಕಂದು, ಮೊದಲಿನಂತೆಯೇ ಸಂಜೆ. ಅವನು ಎರಡರ ಗಡಿಯಲ್ಲಿ, ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ಬಹಳ ಹೊತ್ತು ನಿಂತ. ಎಡಗಾಲಿನ ಕೆಳಗೆ ಸದ್ದಿರಲಿಲ್ಲ. ಬಲಗಾಲಿನ ಕೆಳಗೆ ಏನೋ ಮುರಿದು, ಹಸಿ ವಾಸನೆ ಎದ್ದಿತು. ಆ ವಾಸನೆಗೆ ಹೆಸರಿರಲಿಲ್ಲ, ಆದರೆ ಅದು ಅವನಿಗೆ ಗೊತ್ತಿತ್ತು; ಮಳೆಗಾಲದ ಸಂಜೆಗಳಲ್ಲಿ ಕುಕ್ಕೆ ಇಳಿಸಿದ ಪ್ರೇಮಮ್ಮನ ಕೈಯ ವಾಸನೆ.

ಇಷ್ಟು ಕಾಲ ಎಲ್ಲಿದ್ದವು ಇವು? ಯಾರೂ ಬಿತ್ತಲಿಲ್ಲ. ಮಣ್ಣಿನೊಳಗೆ, ಕತ್ತಲಲ್ಲಿ, ತಮ್ಮ ತಮ್ಮ ಹೆಸರನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದವೇ? ಅವನು ಮಂಡಿಯೂರಿದ. ಮೊಣಕಾಲು ನೋಯಲಿಲ್ಲ. ತುಂಬೆಯೊಂದು ಅವನಿಗೆ ಗುರುತು ಸಿಕ್ಕಿತು, ಪೂಜೆಗೆ ಬೇಕಾದ ಬಿಳಿ ಹೂವಿನಿಂದಾಗಿ. ಉಳಿದವು ಮದುವೆಮನೆಯಲ್ಲಿ ಎದುರಾಗುವ ನಂಟರಂತೆ, ಮುಖ ಪರಿಚಿತ, ಸಂಬಂಧ ತಿಳಿಯದು. ಹೊಗೆಸೊಪ್ಪಿನ ಎಲೆಯನ್ನು ಕಣ್ಣು ಮುಚ್ಚಿ ಮುಟ್ಟಿ ದರ್ಜೆ ಹೇಳಬಲ್ಲ ಬೆರಳುಗಳು ಇಲ್ಲಿ ದಡ್ಡವಾಗಿದ್ದವು. ಸಿಕ್ಕಿದ್ದನ್ನು ಕಿತ್ತ. ಒಂದೊಂದು ಜಾತಿಯದೂ ಒಂದಿಷ್ಟು. ಟವಲಿನಲ್ಲಿ ಕಟ್ಟಿಕೊಂಡ. ಎದ್ದು ನಿಂತಾಗ ಮೇಲೆ, ಉಳಿದ ಮರಗಳ ತುದಿಯಲ್ಲಿ ಗಾಳಿ ಸುಳಿಯಿತು. ಅದೇ ಹಳೆಯ ನೀರಿನ ಸದ್ದು. ಈ ಸಲ ಅದಕ್ಕೆ ಕೆಳಗಿನಿಂದಲೂ ಒಂದು ಸಣ್ಣ ಸರಸರ ಸೇರಿತು. ಮಾದೇಶನಿಗೆ ಫೋನು ಮಾಡಬೇಕು, ಮಳೆ ನಿಂತ ಮೇಲೆ ಪಡುವಣ ಮೂಲೆಗೂ ಬಾ ಎನ್ನಬೇಕು ಎಂದುಕೊಂಡ. ಆಮೇಲೆ, ಮೊದಲು ಅವಳನ್ನು ಕೇಳಬೇಕು ಎಂದು ತಿದ್ದಿಕೊಂಡ.

ಪ್ರೇಮಮ್ಮ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕೂತಿದ್ದಳು. ಗಾಜಿನ ಹೆಂಚಿನ ಬೆಳಕು ಕುಕ್ಕೆಯಿಂದ ಇಳಿದು ಸಾರಿಸಿದ ನೆಲದ ಮೇಲಿತ್ತು. ಅವನು ಮೊರವನ್ನು ಆ ಬೆಳಕಿಗೆ ಎಳೆದು, ಟವಲು ಬಿಚ್ಚಿ ಸುರಿದ.

ಅವಳು ನೋಡಿದಳು. ಮುಟ್ಟಲಿಲ್ಲ. ‘ಯಾರ್ ಬದದ್ದು?’

‘ಬದದ್ದಲ್ಲ.’

‘ಔಸ್ದಿ ಒಡ್ದಿರೋ ಕಡೆದು ಒಲೆ ಮೇಲೆ ಇಡಾಕಿಲ್ಲ ನಾನು.’

‘ನಿನ್ನ ಹೊಲದ್ದು’ ಎಂದ ಅವನು. ಆ ಎರಡು ಮಾತು ಬಾಯಿಂದ ಹೊರಗೆ ಬಂದ ಮೇಲೆ ತೋಪು ಎಂಬ ಮಾತು ಇನ್ನು ಹೇಳಲಾರೆ ಎನಿಸಿತು.

ಹಾಲು ಸಣ್ಣಗೆ ಸದ್ದು ಮಾಡತೊಡಗಿತ್ತು. ಅವಳು ಸೌದೆಯನ್ನು ಹಿಂದಕ್ಕೆ ಎಳೆದಳು. ಆಮೇಲೆ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆರಳುಗಳು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಬೇರೆ ಬೇರೆಯಾಗಿ ಇಡುತ್ತ ಹೋದವು. ‘ಅಣ್ಣೆ. ಇದು ಕನ್ನೆ. ಗಣಿಕೆ, ಇನ್ನೂ ಎಳೇದು.’ ಒಂದನ್ನು ಮೂಸಿ ನೋಡಿ ಪಕ್ಕಕ್ಕೆ ಎಸೆದಳು. ‘ಇದ್ಯಾಕ್ ಕಿತ್ರಿ? ಎಮ್ಮೆನೂ ಮೂಸಾಕಿಲ್ಲ ಇದ್ನ.’

‘ಗೊತ್ತಾಗ್ಲಿಲ್ಲ.’

‘ಗೊತ್ತಾಗ್ದಿದ್ರೆ ಕೇಳ್ಬೇಕು.’

ಅವನು ತಲೆ ತಗ್ಗಿಸಿದ. ಅಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಬಂದಾಗ ಎಷ್ಟು ಸಣ್ಣದಾಗಿತ್ತು, ಎಷ್ಟು ಹಗುರವಾಗಿತ್ತು. ‘ಹೂಂ. ಕೇಳ್ಬೇಕಾಗಿತ್ತು’ ಎಂದ. ಎದೆಯ ಮೇಲಿಂದ ಯಾರೋ ಒಂದು ಸಾಲು ತೆಗೆದ ಹಾಗಾಯಿತು.

ಅವಳು ಅವನ ಕಡೆ ನೋಡಲಿಲ್ಲ. ಗಿಡವೊಂದರ ಬೇರಿನ ಮಣ್ಣನ್ನು ಉಜ್ಜಿ, ‘ಬೇರ್ ಸಮೇತ ಕಿತ್ತಿದೀರಲ್ಲ. ಕುಡಿ ಚಿವುಟ್ಬೇಕು. ಇಂಗ್ ಕಿತ್ರೆ ಮುಂದುಕ್ಕೆ ಏನ್ ಉಳೀತದೆ’ ಎಂದಳು. ‘ಕಿರಕೀಲೆ ಇರ್ನಿಲ್ವಾ? ಬೇಲಿ ಕಡೆ ಬರ್ತಿತ್ತು ಅದು.’

‘ನೋಡ್ಲಿಲ್ಲ. ನೋಡಿದ್ರೂ ನಂಗೆ...’

‘ನಿಮ್ಗೆಲ್ ಕಾಣ್ಬೇಕು.’

ಅವಳು ಎದ್ದಳು. ಮೊಳೆಯಿಂದ ಕುಕ್ಕೆಯನ್ನು ತೆಗೆದಳು, ನೆನ್ನೆ ಹಾಕಿದ್ದನ್ನು ಇವತ್ತು ತೆಗೆಯುವವಳ ಹಾಗೆ. ಜೇಡ ಗೋಡೆಯಗುಂಟ ಓಡಿತು. ಹೊಸ್ತಿಲ ಮೇಲೆ ಕುಕ್ಕೆಯನ್ನು ತಟ್ಟಿದಳು. ಧೂಳು ಎದ್ದು ಬಿಸಿಲಿನಲ್ಲಿ ನಿಂತಿತು. ನೀಲಿ ಸೆರಗಿನ ಗಂಟನ್ನು ಎಳೆದು ನೋಡಿ, ಹಿಡಿದೀತು ಎಂದು ತೃಪ್ತಿಯಾಗಿ, ಸೊಂಟಕ್ಕೆ ಇಟ್ಟುಕೊಂಡಳು. ಕುಡುಗೋಲು ಸಿಕ್ಕಿಸಿಕೊಂಡಳು.

‘ನಾನೂ ಬರ್ಲಾ?’

‘ನೀವ್ಯಾಕೆ? ಇನ್ನೊಂದ್ಸಲ ಹಗ್ಗ ಎಳೆಯಾಕಾ?’ ಎಂದಳು. ತುಟಿಯ ಕೊನೆಯಲ್ಲಿ, ಮಾಡಿನ ಕೆಳಗೆ ನಿಂತು ಇಳೀರಿ ಎಂದವಳ ನಗುವಿನ ಒಂದು ಚೂರು. ‘ಹಾಲು ಉಕ್ಕದಂಗೆ ನೋಡ್ಕಳಿ. ಬತ್ತೀನಿ.’

ಅವನು ಒಲೆಯ ಮುಂದೆ ಕೂತ. ಎದುರಿಗೆ, ಮೊಳೆಯ ಸುತ್ತ, ಕುಂಚ ಹಾಯದೆ ಹೊಗೆ ಹಿಡಿದ ಕಪ್ಪು ಗೋಡೆ. ಅದರ ನಡುವೆ, ಕುಕ್ಕೆ ಇದ್ದಲ್ಲಿ, ಹೊಗೆ ತಾಗದೆ ಉಳಿದ ಹಳೆಯ ಸುಣ್ಣ, ತುಂಬೆಯ ಬಿಳಿ, ದುಂಡಗೆ. ಹಾಲು ಅಂಚಿನವರೆಗೆ ಏರಿತು. ಅವನು ಊದಿ ಇಳಿಸಿದ. ಹಿತ್ತಿಲಲ್ಲಿ ಅವಳ ಹೆಜ್ಜೆ ಎರಡು ಸಲ ಕೇಳಿಸಿತು. ಆಮೇಲೆ ಹೊಲದ ಕಡೆಗಿನ ಬೇಲಿಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.